ಬನಶಂಕರಿ ಜಾತ್ರೆಯಲ್ಲಿ ರಾತ್ರಿ ಕಂಪನಿ ನಾಟಕ: ಮೊದಲ ಸಲ ಹೋಗುವವರಿಗೆ

ಡಿಸೆಂಬರ್ ಮುಗಿಯುತ್ತಾ ಬಂದ ಹಾಗೆ ಓದುಗರಿಂದ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಬಾದಾಮಿಗೆ ಹೊರಟಿದ್ದೇವೆ, ಸಂಜೆ ಆದಮೇಲೆ ಅಲ್ಲಿ ಏನು ಮಾಡೋದು? ಬನಶಂಕರಿ ಜಾತ್ರೆಯ ನಾಟಕಕ್ಕೆ ಮನೆಮಂದಿಯನ್ನು ಕರ್ಕೊಂಡು ಹೋಗಬಹುದಾ? ಟಿಕೆಟ್ ಮೊದಲೇ ತೆಗೆಸಬೇಕಾ? ಅಪರಾತ್ರಿಯಲ್ಲಿ ವಾಪಸ್ ಬರೋದು ಹೇಗೆ? ಎಲ್ಲದಕ್ಕೂ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆದಿದ್ದೇನೆ.

ಬಾದಾಮಿ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಹಗಲು ನೋಡೋಕೆ ಬೇಕಾದಷ್ಟಿದೆ. ಕತ್ತಲಾದ ಮೇಲೆ ಮಾತ್ರ ಬೇಗ ಬಾಗಿಲು ಹಾಕುತ್ತದೆ. ಪುಷ್ಯ ಮಾಸ ಬಂತು ಅಂದರೆ ಲೆಕ್ಕವೇ ಬೇರೆ. ಊರಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಚೊಳಚಗುಡ್ಡದ ಹತ್ತಿರ ಬನಶಂಕರಿ ಗುಡಿ ಇದೆ. ಅಲ್ಲಿನ ಜಾತ್ರೆ ಹೆಚ್ಚುಕಡಿಮೆ ಒಂದು ತಿಂಗಳು ನಡೆಯುತ್ತದೆ. ಉತ್ತರ ಕರ್ನಾಟಕದ ನಾಟಕ ಕಂಪನಿಗಳು ಅಲ್ಲಿ ಸಾಲಾಗಿ ಬಂದು ಇಳಿಯುತ್ತವೆ. ಒಂದು ಆಟ ಮುಗಿದ ಮೇಲೆ ಇನ್ನೊಂದು ಅಂತ ರಾತ್ರಿಯೆಲ್ಲ ನಾಟಕ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಾತ್ರೆ ಸುತ್ತಿ ಹೊತ್ತು ಉಳಿದರೆ ನಾಟಕ ಅಂತ ಹೋಗಬೇಡಿ. ನಾಟಕಕ್ಕೆ ಅಂತಲೇ ಹೋಗಿ, ಹೊತ್ತು ಉಳಿದರೆ ಜಾತ್ರೆ ಸುತ್ತಿ. ದಿನ, ಊಟ, ನಿದ್ದೆ, ಗಾಡಿ ಎಲ್ಲವನ್ನೂ ಆ ಲೆಕ್ಕದಲ್ಲೇ ಹೊಂದಿಸಬೇಕು. ಹಾಗೆ ಮಾಡದವರು ಅರ್ಧ ಆಟಕ್ಕೇ ಆಕಳಿಸುತ್ತಾ ಎದ್ದು ಬರುತ್ತಾರೆ.

ಕೆಲವು ಮಾತುಗಳ ಅರ್ಥ ಗೊತ್ತಿರಲಿ. ‘ಕಂಪನಿ ನಾಟಕ’ ಅಂದರೆ ನಾಟಕವನ್ನೇ ಜೀವನೋಪಾಯ ಮಾಡಿಕೊಂಡ ತಂಡದ ಆಟ. ಅಲ್ಲಿ ಟಿಕೆಟ್ ಇರುತ್ತದೆ, ಕಲಾವಿದರಿಗೆ ಸಂಬಳ ಇರುತ್ತದೆ. ಊರ ಹುಡುಗರು ಹಬ್ಬಕ್ಕೆ ಆಡುವ ನಾಟಕ ಬೇರೆ, ಬಯಲಾಟ ಬೇರೆ. ಕಂಪನಿ ಒಂದು ಊರಲ್ಲಿ ಬಿಡಾರ ಹೂಡಿದರೆ ಅದಕ್ಕೆ ‘ಕ್ಯಾಂಪ್’ ಅಥವಾ ‘ಮೊಕ್ಕಾಂ’ ಅಂತಾರೆ. ‘ಥಿಯೇಟರ್’ ಅಂದಾಗ ಸಿಮೆಂಟಿನ ಕಟ್ಟಡ ಹುಡುಕಬೇಡಿ. ಕಂಬ ನೆಟ್ಟು, ಸುತ್ತಲೂ ತಗಡು ಹೊಡೆದು ನಿಲ್ಲಿಸಿದ್ದೇ ಥಿಯೇಟರ್. ಕ್ಯಾಂಪ್ ಮುಗಿದರೆ ಬಿಚ್ಚಿ ಲಾರಿಗೆ ಹೇರುತ್ತಾರೆ. ಒಂದು ಪ್ರದರ್ಶನಕ್ಕೆ ‘ಆಟ’, ಆಟದ ಗಳಿಕೆಗೆ ‘ಕಲೆಕ್ಷನ್’.

1. ಮೊದಲು ದಿನ ಗೊತ್ತು ಮಾಡಿಕೊಳ್ಳಿ

ತೇರು ಎಳೆಯೋದು ಪುಷ್ಯ ಶುದ್ಧ ಹುಣ್ಣಿಮೆಗೆ, ಅಂದರೆ ಬನದ ಹುಣ್ಣಿಮೆಗೆ. ತಾರೀಖು ಪ್ರತಿವರ್ಷ ಬದಲಾಗುತ್ತದೆ. 2024ರಲ್ಲಿ ಜನವರಿ 25ಕ್ಕೆ ಬಂದಿತ್ತು, 2025ರಲ್ಲಿ ಜನವರಿ 13ಕ್ಕೆ, 2026ರಲ್ಲಿ ಜನವರಿ 3ಕ್ಕೇ ಬಂತು. ಹೋದ ವರ್ಷದ ನೆನಪಿನ ಮೇಲೆ ರಜೆ ಹಾಕಿದರೆ ಕೆಟ್ಟಿರಿ. ಪಂಚಾಂಗ ನೋಡಿ, ಇಲ್ಲವೇ ಮನೆಯ ಗೋಡೆ ಮೇಲಿನ ಕ್ಯಾಲೆಂಡರ್ ತಿರುವಿ.

ತೇರಿನ ದಿನ ನಾಟಕಕ್ಕೆ ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ಬರುವವರು ಜಾಸ್ತಿ ಎಡವೋದು ಇಲ್ಲೇ. ಅವತ್ತು ಲಕ್ಷಗಟ್ಟಲೆ ಜನ. ರಸ್ತೆ ಮೇಲೆ ಎತ್ತಿನ ಬಂಡಿ, ಟ್ರ್ಯಾಕ್ಟರ್, ಬಸ್ಸು ಎಲ್ಲ ಒಟ್ಟಿಗೆ. ಗುಡಿಯ ಬಾಗಿಲಿಂದ ಥಿಯೇಟರ್‌ವರೆಗೆ ನಡೆಯೋಕೇ ತಾಸು ಹಿಡಿಯುತ್ತದೆ. ತೇರು ನೋಡಬೇಕು ಅಂದರೆ ನೋಡಿ, ಅದರ ಸೊಗಸೇ ಬೇರೆ. ಹಿಂದಿನ ದಿನ ಪಲ್ಲೇದ ಹಬ್ಬ ಇರುತ್ತದೆ. ಶಾಕಂಬರಿ ಅನ್ನಿಸಿಕೊಂಡ ದೇವಿಗೆ 108 ಬಗೆಯ ಪಲ್ಯದ ನೈವೇದ್ಯ ಆಗುತ್ತದೆ. ಆದರೆ ನಾಟಕಕ್ಕೆ ಅಂತ ಬರುವವರಿಗೆ ಹುಣ್ಣಿಮೆ ಕಳೆದ ಮೂರು ನಾಲ್ಕು ದಿನದಿಂದ ಎರಡನೇ ವಾರದ ಕೊನೆಯವರೆಗಿನ ಹೊತ್ತು ಚೆನ್ನ. ಜನ ಇರುತ್ತಾರೆ, ಉಸಿರಾಡೋಕೆ ಜಾಗವೂ ಇರುತ್ತದೆ. ಆ ಹೊತ್ತಿಗೆ ಕಲಾವಿದರ ಕೈಗೂ ನಾಟಕ ಚೆನ್ನಾಗಿ ಕೂತಿರುತ್ತದೆ. ತೀರಾ ತಡ ಮಾಡಿದರೆ ಕೆಲವು ಕಂಪನಿಗಳು ತಗಡು ಬಿಚ್ಚೋಕೆ ಶುರು ಮಾಡಿರುತ್ತವೆ.

2. ಮಲಗೋ ಜಾಗ ಮತ್ತು ಗಾಡಿ

ಲಾಡ್ಜ್ ಇರೋದು ಬಾದಾಮಿಯಲ್ಲಿ. ಜಾತ್ರೆ ಸಮಯಕ್ಕೆ ರೂಮು ಸಿಗೋದು ಕಷ್ಟ, ಅದರಲ್ಲೂ ಶನಿವಾರ, ಭಾನುವಾರ. ದಿನ ಗೊತ್ತಾದ ಕೂಡಲೇ ಕಾದಿರಿಸಿ. ಬಾದಾಮಿ ತುಂಬಿದ್ದರೆ ಬಾಗಲಕೋಟೆ ಸುಮಾರು 35 ಕಿ.ಮೀ., ಗುಳೇದಗುಡ್ಡ ಇನ್ನೂ ಹತ್ತಿರ. ಜಾತ್ರೆಯಲ್ಲೇ ಬಂಡಿ ಕೆಳಗೆ, ಮರದ ಬುಡದಲ್ಲಿ ಮಲಗುವ ಜನ ಸಾವಿರಾರು. ನಿಮಗೆ ಅಭ್ಯಾಸ ಇಲ್ಲದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಆ ಪ್ರಯೋಗ ಬೇಡ.

ರೈಲಿನಲ್ಲಿ ಬರುವವರು ಒಂದು ವಿಷಯ ಗಮನಿಸಿ. ಬಾದಾಮಿ ಸ್ಟೇಷನ್ ಊರಿಂದ 5 ಕಿ.ಮೀ. ಆಚೆ ಇದೆ, ಬನಶಂಕರಿ ಊರಿನ ಇನ್ನೊಂದು ಮಗ್ಗುಲಿಗೆ. ಎರಡು ಸಲ ಗಾಡಿ ಬದಲಿಸಬೇಕು ಅಂತಲೇ ಲೆಕ್ಕ ಹಾಕಿ. ಜಾತ್ರೆಗೆ ವಾಯವ್ಯ ಸಾರಿಗೆಯವರು ವಿಶೇಷ ಬಸ್ ಬಿಡುತ್ತಾರೆ, ಟಂಟಂಗಳೂ ಓಡಾಡುತ್ತವೆ. ಟಂಟಂ ಅಂದರೆ ಹಂಚಿಕೊಂಡು ಹೋಗುವ ದೊಡ್ಡ ಆಟೋ. ಹತ್ತುವ ಮುಂಚೆಯೇ ರೇಟು ಕೇಳಿಕೊಳ್ಳಿ. ರಾತ್ರಿಯ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಇಳಿದ ತಕ್ಷಣ ಕಂಡಕ್ಟರ್‌ನ ವಿಚಾರಿಸಿ. ನಾಟಕ ಮುಗಿದ ಮೇಲೆ ವಿಚಾರಿಸಿದರೆ ಹೊತ್ತು ಮೀರಿರುತ್ತದೆ.

3. ಚೀಲದಲ್ಲಿ ಇರಬೇಕಾದ್ದು

ಒಂದು ಚಾದರ ಅಥವಾ ಶಾಲು, ಕಿವಿಗೆ ಕಟ್ಟಿಕೊಳ್ಳೋಕೆ ಏನಾದರೂ. ಹಗಲು ಬಿಸಿಲು ಚುರುಗುಟ್ಟಿದರೂ ಜನವರಿಯ ರಾತ್ರಿ ಥಂಡಿ, ತಗಡಿನ ಸಂದಿಯಿಂದ ಗಾಳಿ ನುಗ್ಗುತ್ತದೆ. ನೀರಿನ ಬಾಟಲಿ, ಸಣ್ಣ ಟಾರ್ಚ್, ಧೂಳು ಆಗದವರಿಗೆ ಮಾಸ್ಕ್. ಚಿಲ್ಲರೆ ನೋಟು ಖಂಡಿತ ಬೇಕು. ಫೋನ್‌ನಲ್ಲಿ ದುಡ್ಡು ಹಾಕಿದರಾಯ್ತು ಅಂದುಕೊಳ್ಳಬೇಡಿ, ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಕೈ ಕೊಡುತ್ತದೆ. ಅದೇ ಕಾರಣಕ್ಕೆ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಒಂದು ಜಾಗ ಮೊದಲೇ ಗೊತ್ತು ಮಾಡಿ. ಹೊಂಡದ ಹತ್ತಿರದ ದೀಪಸ್ತಂಭ ಎಲ್ಲರಿಗೂ ಕಾಣುವಂಥದ್ದು. ಬಂಗಾರ ಮನೆಯಲ್ಲೇ ಇರಲಿ.

4. ಹಗಲು ದಣಿಯಬೇಡಿ

ಬೆಳಗ್ಗೆಯಿಂದ ಐಹೊಳೆ, ಪಟ್ಟದಕಲ್ಲು, ಮಹಾಕೂಟ ಎಲ್ಲ ಮುಗಿಸಿ ರಾತ್ರಿ ನಾಟಕಕ್ಕೆ ಬರುತ್ತೇವೆ ಅನ್ನುವವರು ಮೊದಲ ಅಂಕದಲ್ಲೇ ನಿದ್ದೆ ಹೋಗುತ್ತಾರೆ. ಅವತ್ತು ಬಾದಾಮಿ ಒಂದೇ ಸಾಕು. ಮಧ್ಯಾಹ್ನ ಉಂಡು ಮಲಗಿ. ಬಿಸಿಲು ಇಳಿದ ಮೇಲೆ ಗುಹೆಗಳಿಗೆ ಹೋಗಿ. ಮೂರನೇ ಗುಹೆಯನ್ನು ಮಾತ್ರ ನಿಧಾನವಾಗಿ ನೋಡಿ. ಅಲ್ಲಿ ಚಾಲುಕ್ಯ ಮನೆತನದ ಮಂಗಲೇಶನ ಕ್ರಿ.ಶ. 578ರ ಶಾಸನ ಇದೆ. ಕಟ್ಟಿಸಿದ ವರ್ಷ ಇಷ್ಟು ಖಚಿತವಾಗಿ ಗೊತ್ತಿರುವ ಗುಹಾಲಯಗಳು ನಮ್ಮಲ್ಲಿ ಅಪರೂಪ. ಸಂಜೆ ಗೇಟು ಮುಚ್ಚುತ್ತಾರೆ, ಆದ್ದರಿಂದ ಕೊನೇ ಗಳಿಗೆಗೆ ಓಡಬೇಡಿ. ಕೈಯಲ್ಲಿ ತಿಂಡಿ ಪೊಟ್ಟಣ ಕಂಡರೆ ಮಂಗಗಳು ಬಿಡೋದಿಲ್ಲ. ಅಲ್ಲಿಂದ ಇಳಿದು ಅಗಸ್ತ್ಯತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಯತ್ತ ನಡೆದರೆ ಸಂಜೆ ಬಿಸಿಲಿಗೆ ಕೆಂಪುಗಲ್ಲಿನ ಗುಡ್ಡ ಇನ್ನಷ್ಟು ಕೆಂಪಾಗುತ್ತದೆ. ಕತ್ತಲು ಬೀಳುವ ಮುಂಚೆ ಬನಶಂಕರಿಗೆ ಹೊರಡಿ.

5. ದರ್ಶನ, ಆಮೇಲೆ ಊಟ

ಗುಡಿ ಎದುರಿಗೇ ಹರಿದ್ರಾತೀರ್ಥ ಅನ್ನುವ ದೊಡ್ಡ ಹೊಂಡ ಇದೆ, ಸುತ್ತ ಕಲ್ಲಿನ ಕಂಬದ ಮಂಟಪ. ಚೌಕದ ಒಂದೊಂದು ಮಗ್ಗುಲೂ 360 ಅಡಿ ಅಂತಾರೆ. ಮೆಟ್ಟಿಲು ಜಾರುತ್ತವೆ, ಕತ್ತಲಲ್ಲಿ ಮಕ್ಕಳ ಕೈ ಬಿಡಬೇಡಿ. ಒಳಗೆ ಸಿಂಹದ ಮೇಲೆ ಕೂತ ಎಂಟು ಕೈಗಳ ಕಪ್ಪುಕಲ್ಲಿನ ದೇವಿ. ಮೂಲ ಗುಡಿ ಚಾಲುಕ್ಯರ ಕಾಲದ್ದು, ಈಗ ಕಾಣುವ ಕಟ್ಟಡ 18ನೇ ಶತಮಾನದಲ್ಲಿ ಎದ್ದಿದ್ದು.

ಊಟಕ್ಕೆ ಹೋಟೆಲ್ ಹುಡುಕಬೇಡಿ. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದು ರೊಟ್ಟಿ ಊಟ ಮಾರುತ್ತಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಕೆಂಪು ಚಟ್ನಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ‘ಬಾರೋ ತಮ್ಮಾ, ಬಾರವ್ವಾ, ಉಂಡು ಹೋಗ್ರಿ’ ಅಂತ ಕರೆಯುತ್ತಾರೆ. ನೀವೂ ‘ಅಕ್ಕಾರ’, ‘ಅವ್ವಾರ’ ಅಂತಲೇ ಮಾತಾಡಿಸಿ. ಚೌಕಾಸಿ ಮಾಡುವ ಜಾಗ ಇದಲ್ಲ. ಬುಟ್ಟಿ ಊಟ ಹಗಲಿಗೆ ಜಾಸ್ತಿ, ಕತ್ತಲಾದ ಮೇಲೆ ಕಡಿಮೆ ಆಗುತ್ತದೆ, ಹಾಗಾಗಿ ಬೇಗ ಉಂಡುಬಿಡಿ. ಕೆಂಪು ಚಟ್ನಿ ಅಭ್ಯಾಸ ಇಲ್ಲದವರು ಮೊಸರಲ್ಲಿ ಕಲಸಿಕೊಳ್ಳಿ, ಇಡೀ ರಾತ್ರಿ ಕೂರಬೇಕಲ್ಲ.

ತಡರಾತ್ರಿಗೆ ಮಿರ್ಚಿ ಭಜಿ, ಗಿರ್ಮಿಟ್, ಚಹಾ ಎಲ್ಲಿ ಬೇಕಾದರೂ ಸಿಗುತ್ತದೆ.

6. ಯಾವ ನಾಟಕ?

ಇದಕ್ಕೆ ಸ್ವಲ್ಪ ಹೊತ್ತು ಕೊಡಿ. ಥಿಯೇಟರ್‌ಗಳ ಸಾಲಿನಲ್ಲಿ ಒಂದು ಸಲ ಈ ತುದಿಯಿಂದ ಆ ತುದಿಗೆ ನಡೆಯಿರಿ. ಪ್ರತಿಯೊಂದರ ಮುಂದೆ ದೊಡ್ಡ ಬೋರ್ಡು, ಬಣ್ಣದ ದೀಪ, ಕಿವಿಗಡಚಿಕ್ಕುವ ಮೈಕು. ಮೈಕು ಜೋರಾಗಿದ್ದ ಮಾತ್ರಕ್ಕೆ ನಾಟಕ ಚೆನ್ನಾಗಿದೆ ಅಂತಲ್ಲ. ಬೋರ್ಡಿನಲ್ಲಿ ಸಿನಿಮಾ, ಟಿವಿ ನಟರ ಮುಖ ದೊಡ್ಡದಾಗಿ ಹಾಕಿರುತ್ತಾರೆ. ಅವರು ಆ ದಿನ, ಆ ಆಟದಲ್ಲಿ ಇದ್ದಾರಾ ಅಂತ ಟಿಕೆಟ್ ಕೌಂಟರ್‌ನಲ್ಲಿ ಕೇಳಿಯೇ ದುಡ್ಡು ಕೊಡಿ. ಅತಿಥಿ ನಟರು ಎಲ್ಲ ದಿನವೂ ಇರೋದಿಲ್ಲ.

ಒಳ್ಳೆಯ ಉಪಾಯ ಒಂದಿದೆ. ಹಿಂದಿನ ಆಟ ಬಿಡುವ ಹೊತ್ತಿಗೆ ಬಾಗಿಲ ಹತ್ತಿರ ನಿಂತು ಹೊರಗೆ ಬರುವ ಹೆಂಗಸರನ್ನು ಕೇಳಿ, ‘ಹ್ಯಾಂಗಿತ್ರಿ ಅಕ್ಕಾರ?’ ಅಂತ. ಚೆನ್ನಾಗಿದ್ದರೆ ನಿಂತು ಕತೆಯನ್ನೇ ಹೇಳುತ್ತಾರೆ. ಇಲ್ಲದಿದ್ದರೆ ಮುಖ ತಿರುವಿ ನಡೆದುಬಿಡುತ್ತಾರೆ. ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಮನೆಮಂದಿ ಜೊತೆ ಹೋಗುವವರ ದೊಡ್ಡ ಅನುಮಾನ ದ್ವಂದ್ವಾರ್ಥದ ಮಾತಿನದು. ಈಗಿನ ಎಷ್ಟೋ ನಾಟಕಗಳಲ್ಲಿ ಹಾಸ್ಯದ ಭಾಗಕ್ಕೆ ಅಂಥ ಮಾತು ಸೇರಿಕೊಂಡಿದೆ, ಮುಚ್ಚಿಡೋದು ಬೇಡ. ಹೆಸರು ಕೇಳಿದರೇ ಸುಳಿವು ಸಿಗುತ್ತದೆ. ಅತ್ತೆ, ಸೊಸೆ, ತಂಗಿ, ತವರು ಇರುವ ಹೆಸರಾದರೆ ಸಂಸಾರದ ಕತೆ, ಅಳುವೂ ಇರುತ್ತದೆ, ಕೂತು ನೋಡಬಹುದು. ಹೆಸರೇ ಚೇಷ್ಟೆಯಾಗಿದ್ದರೆ ಒಳಗೂ ಅದೇ ಇರುತ್ತದೆ. ಮಕ್ಕಳಿದ್ದರೆ ಸಂಜೆಯ ಆಟಕ್ಕೇ ಹೋಗಿ. ಭಕ್ತಿ, ಪುರಾಣದ ನಾಟಕ ಬೇಕು ಅನ್ನುವವರು ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟ್ಯ ಸಂಘ ಬಂದಿದೆಯಾ ಅಂತ ವಿಚಾರಿಸಿ. ಪುಟ್ಟರಾಜ ಗವಾಯಿಗಳು ಆಶ್ರಮದ ಅಂಧ ಮಕ್ಕಳ ಊಟ, ವಿದ್ಯೆಯ ಖರ್ಚಿಗೆ ಅಂತ ಬೆಳೆಸಿದ ಸಂಘ ಅದು. ಕಣ್ಣು ಕಾಣದ ಕಲಾವಿದರು ರಂಗದ ಅಳತೆಯನ್ನು ಹೆಜ್ಜೆಯಲ್ಲೇ ಇಟ್ಟುಕೊಂಡು ನಡೆಯೋದನ್ನು ನೀವು ನೋಡಲೇಬೇಕು.

ಯಾವ ಆಟಕ್ಕೆ ಹೋಗೋದು ಅನ್ನೋದು ಇನ್ನೊಂದು ಪ್ರಶ್ನೆ. ವೇಳೆ ಕಂಪನಿಯಿಂದ ಕಂಪನಿಗೆ ಬೇರೆ, ಬೋರ್ಡ್ ಮೇಲೆ ಬರೆದಿರುತ್ತಾರೆ. ಮಕ್ಕಳು, ವಯಸ್ಸಾದವರು ಇಲ್ಲದಿದ್ದರೆ ನನ್ನ ಆಯ್ಕೆ ರಾತ್ರಿ ಊಟದ ನಂತರದ ಆಟ. ಆ ಹೊತ್ತಿಗೆ ಹಳ್ಳಿಯ ಜನ ಹೊಲದ ಕೆಲಸ ಮುಗಿಸಿ, ಉಂಡು ಬಂದು ಕೂತಿರುತ್ತಾರೆ. ಅವರು ನಾಟಕ ಬಲ್ಲವರು. ಎಲ್ಲಿ ನಗಬೇಕು, ಯಾವ ಹಾಡಿಗೆ ‘ಒನ್ಸ್ ಮೋರ್’ ಅನ್ನಬೇಕು ಅಂತ ಅವರಿಗೆ ಗೊತ್ತು. ಅವರ ನಡುವೆ ಕೂತಾಗ ನಾಟಕಕ್ಕೇ ಬೇರೆ ಜೀವ ಬರುತ್ತದೆ.

7. ಟಿಕೆಟ್ ಮತ್ತು ಕುರ್ಚಿ

ಟಿಕೆಟ್ ಥಿಯೇಟರ್ ಮುಂದಿನ ಗೂಡಿನಲ್ಲೇ ಸಿಗುತ್ತದೆ. ಆಟಕ್ಕೆ ಅರ್ಧ ತಾಸು ಮುಂಚೆ ಹೋದರೆ ಸಾಕು. ಮುಂದಿನ ಸಾಲಿಗೆ ಜಾಸ್ತಿ, ಹಿಂದಕ್ಕೆ ಹೋದಂತೆ ಕಡಿಮೆ. ತೀರಾ ಮುಂದೆ ಕೂತರೆ ಸ್ಪೀಕರ್ ಎದೆಗೆ ಗುದ್ದುತ್ತದೆ, ಕತ್ತೂ ನೋಯುತ್ತದೆ. ಐದಾರು ಸಾಲು ಬಿಟ್ಟು ನಡುವೆ ಕೂರಿ. ಪಕ್ಕದ ಕಂಪನಿಯ ಮೈಕಿನ ಸದ್ದು ತಗಡಿನ ಕಡೆಯಿಂದ ಬರುತ್ತದೆ, ಆದ್ದರಿಂದ ಅಂಚಿನ ಕುರ್ಚಿ ಬೇಡ. ಸಣ್ಣ ಮಕ್ಕಳಿದ್ದರೆ ಮಾತ್ರ ದಾರಿ ಪಕ್ಕ ಇರಲಿ. ಶೌಚಾಲಯದ ವ್ಯವಸ್ಥೆ ಅಷ್ಟಕ್ಕಷ್ಟೇ. ಹೆಣ್ಣುಮಕ್ಕಳು ಒಳಗೆ ಹೋಗುವ ಮುಂಚೆಯೇ ಅದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಗುರುತಿನವರಿಂದ ಪಾಸು ತರಿಸಿ ಪುಕ್ಕಟೆ ನುಗ್ಗುವ ಚಾಳಿ ಒಂದಿದೆ. ದಯವಿಟ್ಟು ಅದನ್ನು ಮಾಡಬೇಡಿ. ಇಡೀ ವರ್ಷದಲ್ಲಿ ಕಂಪನಿಗಳಿಗೆ ಕೈತುಂಬ ಕಲೆಕ್ಷನ್ ಆಗೋದು ಇಂಥ ಜಾತ್ರೆಗಳಲ್ಲೇ. ಇಲ್ಲಿ ಬಂದ ದುಡ್ಡಿನಲ್ಲೇ ಮಳೆಗಾಲದ ಖಾಲಿ ತಿಂಗಳುಗಳನ್ನು ದಾಟಬೇಕು. ಕೊರೊನಾ ಕಾಲದಲ್ಲಿ ಜಾತ್ರೆಗಳು ನಿಂತಾಗ ಈ ಕಲಾವಿದರು ಪಟ್ಟ ಪಾಡನ್ನು ಈ ಭಾಗದವರೆಲ್ಲ ನೋಡಿದ್ದಾರೆ.

8. ಪರದೆ ಎದ್ದ ಮೇಲೆ

ಮೊದಲು ಪ್ರಾರ್ಥನೆ, ಅದಕ್ಕೆ ನಾಂದಿ ಅಂತಾರೆ. ಆಗ ಎದ್ದು ಓಡಾಡಬೇಡಿ. ರಂಗದ ಪಕ್ಕದಲ್ಲೇ ಹಾರ್ಮೋನಿಯಂ ಅಥವಾ ಕೀಬೋರ್ಡು, ತಬಲಾ, ರಿದಂ ಪ್ಯಾಡಿನವರು ಕೂತಿರುತ್ತಾರೆ. ಹಾಡು ಈಗ ಹೆಚ್ಚಾಗಿ ಸಿನಿಮಾ ಧಾಟಿಯವು. ಆದರೆ ಹಳೆಯ ಕಲಾವಿದರು ಯಾರಾದರೂ ರಂಗಗೀತೆ ಎತ್ತಿಕೊಂಡರೆ ಕಿವಿ ನೆಟ್ಟಗೆ ಮಾಡಿ. ಬೀಳಗಿಯ ಅಮೀರಬಾಯಿ, ಗೋಹರಬಾಯಿ, ಸವದತ್ತಿ ಕಡೆಯ ಏಣಗಿ ಬಾಳಪ್ಪನವರಂಥವರು ಹಾಡಿಕೊಂಡು ಬಂದ ದಾರಿ ಅದು. ಗದಗಿನಲ್ಲಿ ಶಾಂತಕವಿಗಳು 19ನೇ ಶತಮಾನದಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದಾಗ ಈ ಕಡೆಯೆಲ್ಲ ಮರಾಠಿ ಕಂಪನಿಗಳದ್ದೇ ಕಾರುಬಾರು. ಅಂದಿನಿಂದ ಬಂದ ಕಸುಬು ಇದು.

ಕತೆ ಎರಡು ಎಳೆಯಲ್ಲಿ ಓಡುತ್ತದೆ. ಒಂದು ಸಂಸಾರದ ಕತೆ, ಇನ್ನೊಂದು ಹಾಸ್ಯದ ಜೋಡಿಯ ಕತೆ. ಹಾಸ್ಯ ಬಂದಾಗ ‘ಕತೆಗೂ ಇದಕ್ಕೂ ಏನು ಸಂಬಂಧ?’ ಅಂತ ಹೊಸಬರಿಗೆ ಬೇಸರ ಬರುತ್ತದೆ. ಆಗ ರಂಗದ ಮೇಲೆ ಸ್ವಲ್ಪ ಗಮನ ಇಡಿ. ಹಾಸ್ಯದವರು ಯಾವಾಗಲೂ ಮುಂದಿನ ಪರದೆಯ ಎದುರಿಗೇ ನಿಂತಿರುತ್ತಾರೆ. ಪರದೆ ಮೇಲೆ ಬೀದಿಯ ಚಿತ್ರ ಬರೆದಿರುತ್ತದೆ, ಅದು ರಸ್ತೆ ಸೀನು. ಕಿವಿಗೊಟ್ಟರೆ ಅದರ ಹಿಂದೆ ಮಂಚ ಎಳೆಯುವ ಸದ್ದು, ಹಗ್ಗ ಜಗ್ಗುವ ಸದ್ದು, ಯಾರೋ ಪಿಸುಮಾತಿನಲ್ಲಿ ಗದರುವ ಸದ್ದು ಕೇಳುತ್ತದೆ. ಹಿಂದೆ ಬಡವನ ಗುಡಿಸಲನ್ನು ಬಿಚ್ಚಿ ಗೌಡರ ವಾಡೆ ನಿಲ್ಲಿಸುತ್ತಿರುತ್ತಾರೆ. ಅದು ಮುಗಿಯುವವರೆಗೂ ಹಾಸ್ಯದವರು ಎಳೆಯಬೇಕು. ಒಳಗಿಂದ ಸೂಚನೆ ಬಂದ ಮೇಲೇ ಮಾತು ಮುಗಿಸುತ್ತಾರೆ. ತಡವಾದರೆ ಅಲ್ಲೇ ಹುಟ್ಟಿಸಿಕೊಂಡು ಮಾತಾಡುತ್ತಾರೆ, ಎದುರಿಗೆ ಕೂತವರನ್ನೂ ಎಳೆದುಕೊಳ್ಳುತ್ತಾರೆ. ಆಮೇಲೆ ಬೀದಿಯ ಪರದೆ ಸರಸರ ಮೇಲೇರಿದರೆ ಹಿಂದೆ ಕಂಬ, ತೊಟ್ಟಿಲು, ದೀಪ ಎಲ್ಲ ಸಿದ್ಧ. ಇದನ್ನು ಒಂದು ಸಲ ಗುರುತಿಸಿದರೆ ಹಾಸ್ಯ ಬೇಸರ ಅನ್ನಿಸೋದೇ ಇಲ್ಲ.

ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಅನ್ನಿ, ಕಲಾವಿದರಿಗೆ ಖುಷಿ ಆಗುತ್ತದೆ. ಬಹುಮಾನ ಕೊಡಬೇಕು ಅನ್ನಿಸಿದರೆ ಮ್ಯಾನೇಜರ್ ಕೈಗೆ ಕೊಡಿ, ಹೆಸರು ಹೇಳಿ ಅವರೇ ತಲುಪಿಸುತ್ತಾರೆ. ನೋಟು ಹಿಡಿದು ರಂಗ ಹತ್ತಬೇಡಿ. ನಟಿಯರ ಮೇಲೆ ಸಿಳ್ಳೆ, ಅಸಭ್ಯ ಕೂಗು ಯಾರೇ ಹಾಕಿದರೂ ಸುಮ್ನೆ ಕೂರಬೇಡಿ, ಗೇಟಿನವರಿಗೆ ಹೇಳಿ. ಆ ಹೆಣ್ಣುಮಕ್ಕಳು ರಾತ್ರಿಗೆ ಎರಡು ಮೂರು ಆಟ ಆಡಿ ಮನೆ ನಡೆಸುವವರು. ಆಟದ ವಿಡಿಯೋ ಮಾಡಬೇಡಿ. ಫೋನಿನಲ್ಲಿ ಪುಕ್ಕಟೆ ಸಿಕ್ಕರೆ ಮುಂದಿನ ಊರಿನಲ್ಲಿ ಟಿಕೆಟ್ ಯಾರು ತಗೋತಾರೆ? ಥಿಯೇಟರ್ ಹಿಂದೆ ಇರೋ ಬಿಡಾರ ಅವರ ಮನೆ. ಅಲ್ಲಿ ಅವರ ಮಕ್ಕಳು ಮಲಗಿರುತ್ತವೆ. ಮಾತಾಡಿಸಬೇಕು ಅಂದರೆ ಮ್ಯಾನೇಜರ್ ಒಪ್ಪಿಗೆ ಪಡೆದು, ಹಗಲು ಹೊತ್ತು ಹೋಗಿ.

ಕೊನೇ ದೃಶ್ಯಕ್ಕೆ ಮುಂಚೆ ಬಸ್ಸಿಗೆ ಅಂತ ದಡಬಡ ಏಳಬೇಡಿ. ಎಲ್ಲ ಎಳೆಗಳೂ ಸೇರೋದು ಅಲ್ಲೇ. ಎದುರಿಗೆ ಸಾಲು ಸಾಲು ಜನ ಎದ್ದು ಬೆನ್ನು ತೋರಿಸಿದರೆ ಅಳುವ ಪಾತ್ರ ಮಾಡುತ್ತಿರುವವರಿಗೆ ಹೇಗನ್ನಿಸುತ್ತೆ, ನೀವೇ ಹೇಳಿ.

9. ಮುಗಿದ ಮೇಲೆ

ನಡುರಾತ್ರಿ ದಾಟಿದ ಮೇಲೆ ಕಾರು ಓಡಿಸಿಕೊಂಡು ಊರಿಗೆ ಹೊರಡಬೇಡಿ. ನಿದ್ದೆಯದು ಒಂದು ಕಾರಣ. ಇನ್ನೊಂದು, ಜನವರಿ ಅಂದರೆ ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳು ಹಿಂದೆ ದೀಪ ಇಲ್ಲದೆ ಹೋಗುತ್ತಿರುತ್ತವೆ, ಕೆಟ್ಟು ರಸ್ತೆಯಲ್ಲೇ ನಿಂತಿರುತ್ತವೆ. ಹತ್ತಿರ ಹೋಗುವವರೆಗೂ ಕಾಣೋದಿಲ್ಲ. ಬಾದಾಮಿ ರೂಮಿಗೆ ಹೋಗಿ ಮಲಗಿ. ಗಾಡಿ ಸಿಗದಿದ್ದರೆ ಇನ್ನೊಂದು ಆಟದ ಟಿಕೆಟ್ ತಗೊಂಡು ಒಳಗೆ ಕೂತು ಬೆಳಗು ಮಾಡಿ. ಹಾಗೆ ಮಾಡುವ ಜನ ಬೇಕಾದಷ್ಟಿದ್ದಾರೆ.

ಬೆಳಗ್ಗೆ ಎದ್ದ ಮೇಲೆ ಖರೀದಿಗೆ ಜಾತ್ರೆ ಒಂದು ಸುತ್ತು ಹಾಕಿ. ಗುಳೇದಗುಡ್ಡದ ಖಣ, ಇಳಕಲ್ ಸೀರೆ ಸಿಗುತ್ತವೆ. ಮನೆ ಕಟ್ಟಿಸುತ್ತಿರುವವರು ಕಟ್ಟಿಗೆ ಬಾಗಿಲು, ಚೌಕಟ್ಟಿನ ಅಂಗಡಿಗಳನ್ನು ತಪ್ಪದೆ ನೋಡಿ. ದೂರದೂರದಿಂದ ಟ್ರ್ಯಾಕ್ಟರ್ ತಂದು ಹೇರಿಕೊಂಡು ಹೋಗುತ್ತಾರೆ.

ಈ ಸಲ ದಿನ ಕೂಡಿ ಬರಲಿಲ್ಲ, ಅಥವಾ ನೋಡಿದ ಕಂಪನಿ ಹಿಡಿಸಿತು, ಮತ್ತೆ ನೋಡಬೇಕು ಅಂದರೆ ಮುಂದಿನ ಕ್ಯಾಂಪ್ ಯಾವ ಊರು ಅಂತ ಮ್ಯಾನೇಜರ್‌ನ ಕೇಳಿ ಬರೆದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲೂ ಕಂಪನಿಗಳ ಸಾಲು ಇರುತ್ತದೆ.